ದೊಡ್ಡಪ್ಪನ ಬಾಗಿಲೆದುರಿನ ಕೆಂಪೆಲೆ ಗಿಡಗಳು

ನಾನು ಇನ್ನೂ ಲಂಗ ಎತ್ತಿ ಕಟ್ಟಿಕೊಂಡು ಓಡುವಷ್ಟು ಚಿಕ್ಕವಳಿದ್ದಾಗ, ಒಂದು ದಿನ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಮಕ್ಕಳೇ, ವಯಸ್ಸಾದವರು ಎಲ್ಲವನ್ನೂ ಮರೆತು ನಗುತ್ತಾರೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಕೆಲವು ಸಿಟ್ಟುಗಳನ್ನು ನಾನು ಬೇಕೆಂದೇ ಇಟ್ಟುಕೊಂಡಿದ್ದೇನೆ. ಅದರಲ್ಲಿ ಇದೊಂದು.

ನಮ್ಮೂರು ರಾಯದುರ್ಗದಿಂದ ಕಣೇಕಲ್ಲಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿತ್ತು. ಒಂದೇ ಅಂಗಳ, ಅದರ ಆಚೆ ಈಚೆ ಎರಡು ಮನೆ. ಒಂದು ನಮ್ಮದು, ಇನ್ನೊಂದು ಅಪ್ಪನ ಅಣ್ಣ ದೊಡ್ಡಪ್ಪನದು. ಕುರಿಗಳು ಮಾತ್ರ ಇಬ್ಬರವೂ ಒಟ್ಟಿಗೇ ಇದ್ದವು. ಅಪ್ಪ ಹೊಲಕ್ಕೆ ಹೋದ ದಿನ ದೊಡ್ಡಪ್ಪ ಕುರಿ ಹೊಡೆದುಕೊಂಡು ಹೋಗುತ್ತಿದ್ದ, ದೊಡ್ಡಪ್ಪ ಹೊಲಕ್ಕೆ ಹೋದ ದಿನ ಅಪ್ಪ. ಅಂಗಳದ ಮೂಲೆಯಲ್ಲಿ ಕುರಿಗಳು ನೀರು ಕುಡಿಯುವ ಕಲ್ಲುಬಾನಿ ಇತ್ತು. ಬಾನಿಯ ಪಕ್ಕದ ಗೋಡೆಗೆ ಒರಗಿದಂತೆ ನನ್ನ ಗಿಡ ನಿಂತಿತ್ತು.

ಆ ಗಿಡ ತಂದುಕೊಟ್ಟವಳು ಅಕ್ಕ. ಅವಳನ್ನು ಮಡಕಶಿರದ ಕಡೆ, ಗುಡಿಬಂಡೆಯ ಹತ್ತಿರದ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ಒಮ್ಮೆ ತವರಿಗೆ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಗೇಣುದ್ದದ ಕಡ್ಡಿಯನ್ನು ತಂದು ನನ್ನ ಕೈಗಿಟ್ಟಳು. ನೋಡಲು ಒಣ ಸೌದೆಯ ಹಾಗಿತ್ತು. ನಾನು ಮುಖ ಸಿಂಡರಿಸಿದೆ. "ನಗಬ್ಯಾಡ ಕಣೇ, ಚಳಿಗಾಲ ಬರ್ಲಿ ನೋಡೀಯಂತೆ, ಬೆಂಕಿ ಹಂಗೆ ಉರೀತೈತೆ" ಅಂದಳು. ಆ ಸೀಮೆಯ ಮಾತು ಅಷ್ಟರಲ್ಲೇ ಅವಳ ನಾಲಿಗೆಗೆ ಹತ್ತಿತ್ತು. ನೀವು ಈಗ ಅದನ್ನು ಪಾಯಿನ್ಸೆಟಿಯಾ ಎನ್ನುತ್ತೀರಿ. ನಾವು ಕೆಂಪೆಲೆ ಗಿಡ ಎನ್ನುತ್ತಿದ್ದೆವು. ನಮ್ಮ ಹೆಸರೇ ಸರಿ. ಕೆಂಪಗೆ ಕಾಣುವುದು ಹೂವಲ್ಲ, ಎಲೆ. ಹೂವು ನಡುವೆ ಸಣ್ಣಗೆ ಹಳದಿಯಾಗಿ ಕೂತಿರುತ್ತದೆ.

ಗಿಡದ ಜೊತೆಗೆ ಅಕ್ಕ ಅದನ್ನು ಸಾಕುವ ಬಗೆಯನ್ನೂ ಹೇಳಿಕೊಟ್ಟಳು. ವರ್ಷವಿಡೀ ಅದಕ್ಕೆ ಒಂದಲ್ಲ ಒಂದು ಕೆಲಸ. ಶಿವರಾತ್ರಿಯ ಹೊತ್ತಿಗೆ ಎಲೆಗಳೆಲ್ಲ ಉದುರಿ ಗಿಡ ಬೋಳಾದಾಗ ಅದನ್ನು ಮೊಣಕಾಲೆತ್ತರಕ್ಕೆ ಕತ್ತರಿಸಬೇಕು. ಕತ್ತರಿಸಿದಲ್ಲಿ ಹಾಲು ಸುರಿಯುತ್ತದೆ, ಕಣ್ಣಿಗೆ ತಾಕಿಸಬಾರದು. ಹಾಲು ನಿಲ್ಲಲು ಒಲೆಯ ಬೂದಿ ಹಚ್ಚಬೇಕು. ಬೇಸಿಗೆಯಲ್ಲಿ ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು. ಹೆಚ್ಚಾದರೆ ಬೇರು ಕೊಳೆಯುತ್ತದೆ. ಮಳೆ ಬಿದ್ದ ಮೇಲೆ ಬುಡಕ್ಕೆ ಹಳೆಯ ಕುರಿ ಗೊಬ್ಬರ. ಕುಡಿ ಉದ್ದ ಬಂದಂತೆಲ್ಲ ತುದಿ ಚಿವುಟಬೇಕು. ಚಿವುಟಿದರೆ ಒಂದು ಕೊಂಬೆ ಇದ್ದಲ್ಲಿ ಮೂರಾಗುತ್ತವೆ. ಗಣೇಶನ ಹಬ್ಬ ಕಳೆದ ಮೇಲೆ ಚಿವುಟುವುದನ್ನು ನಿಲ್ಲಿಸಬೇಕು.

ಕಷ್ಟದ ಕೆಲಸ ದಸರಾ ಹೊತ್ತಿಗೆ ಬರುತ್ತಿತ್ತು. "ಅವಾಗ ಅದುಕ್ಕೆ ಉದ್ದನೆ ರಾತ್ರಿ ಬೇಕು ಕಣೇ. ದೀಪ ಬಿದ್ರೆ ಎಲೆ ಕೆಂಪಾಗಾಕಿಲ್ಲ" ಎಂದಿದ್ದಳು ಅಕ್ಕ. ಅದೇ ವರ್ಷ ನಮ್ಮೂರಿಗೆ ಕರೆಂಟು ಬಂದು, ಅಂಗಳದ ಕಂಬಕ್ಕೆ ಒಂದು ಬಲ್ಬು ಹಾಕಿದ್ದರು. ಬಲ್ಬು ಆರಿಸಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ದಿನಾ ಸಂಜೆ ಹೊತ್ತು ಮುಳುಗುವ ಮೊದಲೇ ಗಿಡದ ಮೇಲೆ ಹರಕು ಕಂಬಳಿ ಹೊದಿಸಿ, ಬೆಳಗ್ಗೆ ಹೊತ್ತೇರಿದ ಮೇಲೆ ತೆಗೆಯುತ್ತಿದ್ದೆ. ಶಾಲೆಗೆ ತಡವಾದರೂ ಸರಿ, ಜ್ವರ ಬಂದರೂ ಸರಿ, ಒಂದು ದಿನವೂ ತಪ್ಪಿಸಲಿಲ್ಲ. ದೊಡ್ಡಪ್ಪ ಅದನ್ನು ಕಂಡಾಗಲೆಲ್ಲ ಗೊಣಗುತ್ತಿದ್ದ. "ಮಂದಿಗೆ ಹೊದಿಯಾಕ ಕಂಬಳಿ ಇಲ್ಲ, ಗಿಡಕ್ಕ ಹೊದಸ್ತಾಳ ಈಕಿ!"

ಆದರೂ ಗಿಡ ಕೆಂಪಾಯಿತು. ಮೊದಲು ಎಲೆಯ ನರಗಳಲ್ಲಿ ಕೆಂಪು ಹರಿಯಿತು. ಆಮೇಲೆ ಒಂದೊಂದೇ ಎಲೆ ಪೂರ್ತಿ ತಿರುಗಿ, ಮಾರ್ಗಶಿರದ ಚಳಿಯಲ್ಲಿ ಗೋಡೆಯ ಎತ್ತರಕ್ಕೆ ನಿಜಕ್ಕೂ ಬೆಂಕಿಯ ಹಾಗೆ ನಿಂತಿತು. ನಮ್ಮ ಕಡೆ ಆ ಕಾಲಕ್ಕೆ ಎಲ್ಲಿ ನೋಡಿದರೂ ಮಣ್ಣಿನ ಬಣ್ಣವೇ. ನೇಮಕಲ್ಲಿನ ಆಂಜನೇಯನ ಗುಡಿಗೆ ಹೊರಟವರು ಕೂಡ ನಮ್ಮ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಸಂಕ್ರಾಂತಿಗೆ ಅಕ್ಕ ಬರುವವಳಿದ್ದಳು. ಅವಳಿಗೆ ತೋರಿಸಬೇಕೆಂದು ನಾನು ಒಂದೆಲೆಯನ್ನೂ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಆ ದಿನ ಅಪ್ಪ ಸೇಂಗಾ ಹೊಲಕ್ಕೆ ಹೋಗಿದ್ದ. ಕುರಿ ಕಾಯಲು ಹೋಗಿದ್ದ ದೊಡ್ಡಪ್ಪ ಮಧ್ಯಾಹ್ನ ಮಂದೆಯನ್ನು ನೀರಿಗೆಂದು ಅಂಗಳಕ್ಕೆ ಹೊಡೆದುಕೊಂಡು ಬಂದ. ಕುರಿಗಳು ಬಾನಿಗೆ ಮುತ್ತಿಕೊಂಡವು. ನಾನು ಜಗಲಿಯ ಮೇಲೆ ಕೂತು ಸೇಂಗಾ ಸುಲಿಯುತ್ತಿದ್ದೆ. ನೋಡನೋಡುತ್ತಿದ್ದಂತೆ ಒಂದು ಕುರಿ ತೂರಾಡಿತು. ಮುಂಗಾಲು ಮಡಚಿ ಬಿತ್ತು. ಬಾಯಲ್ಲಿ ನೊರೆ. ಅದರ ಹಿಂದೆಯೇ ಇನ್ನೊಂದು ಬಿತ್ತು, ಅದು ಗಬ್ಬದ ಕುರಿ. ಅವ್ವ ಒಳಗಿನಿಂದ ಓಡಿ ಬಂದು ಬಾಯಿಗೆ ಎಣ್ಣೆ ಹೊಯ್ಯುವಷ್ಟರಲ್ಲಿ ಎರಡೂ ಕಾಲು ಚಾಚಿದವು. ಗಿಡದಿಂದ ಒಂದು ಮಾರು ದೂರದಲ್ಲಿ ಬಿದ್ದಿದ್ದವು.

ದೊಡ್ಡಪ್ಪ ಕುರಿಗಳನ್ನು ನೋಡಿದ. ಆಮೇಲೆ ಗಿಡವನ್ನು ನೋಡಿದ.

"ಈ ಹಾಲಿನ ಗಿಡ ತಿಂದಾವು. ವಿಷದ ಗಿಡ ತಂದು ಅಂಗಳದಾಗ ನೆಟ್ಟಾಳ!" ಎಂದು ಕೂಗಿದ. ಓಣಿಯ ಜನ ಸೇರಿದರು. ಅವನು ಒಳಗೆ ಹೋಗಿ ಕೊಡಲಿ ತಂದ.

ನಾನು ಗಿಡಕ್ಕೆ ಅಡ್ಡ ನಿಂತೆ. "ದಿನಾ ಇಲ್ಲೇ ನೀರು ಕುಡೀತಾವು ದೊಡ್ಡಪ್ಪ, ಒಂದಿನಾನೂ ಬಾಯಿ ಹಾಕಿಲ್ಲ! ನೋಡು, ಒಂದೆಲಿ ಹರಿದಿಲ್ಲ!" ಎಂದು ಅರಚಿದೆ. ಅದು ನಿಜ. ಒಂದೆಲೆಯೂ ಹರಿದಿರಲಿಲ್ಲ, ಕಣ್ಣಿದ್ದವರು ಯಾರು ಬೇಕಾದರೂ ನೋಡಬಹುದಿತ್ತು. ಯಾರೂ ನೋಡಲಿಲ್ಲ. ಅವನು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಸೆದ. ಅವ್ವ ನನ್ನನ್ನು ಅವುಚಿ ಹಿಡಿದುಕೊಂಡಳು. ಕೊಡಲಿ ಬಿದ್ದಾಗಲೆಲ್ಲ ಕೊಂಬೆಯಿಂದ ಬಿಳಿ ಹಾಲು ಗೋಡೆಗೆ ಸಿಡಿಯಿತು. ಒಂದು ವರ್ಷ ಸಾಕಿದ್ದನ್ನು ಅವನು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಮುಗಿಸಿದ. ಕೆಂಪೆಲೆಗಳು ಬಾನಿಯ ಸುತ್ತಲಿನ ಕೆಸರಿನಲ್ಲಿ ಬಿದ್ದಿದ್ದವು. ಕುರಿಗಳು ಅವುಗಳನ್ನು ಮೂಸಿ ಕೂಡ ನೋಡದೆ ತುಳಿದುಕೊಂಡು ಹೋದವು.

ಸುದ್ದಿ ತಿಳಿದು ಅಪ್ಪ ಹೊಲದಿಂದ ಬಂದ. ತೊಗಲಾದರೂ ಉಳಿಯಲಿ ಎಂದು ಸತ್ತ ಕುರಿಗಳನ್ನು ಸುಲಿಯಲು ಕೂತ. ನಾನು ಹೋಗಿ ಎದುರಿಗೆ ನಿಂತೆ. ಹೋಗು ಎಂದ, ಹೋಗಲಿಲ್ಲ. ಹೊಟ್ಟೆ ಸೀಳಿದಾಗ ಒಳಗಿನದು ಹೊರಗೆ ಬಿತ್ತು. ಅರ್ಧ ಅಗಿದ ಎಳೆಯ ಹಸಿರು ಗರಿಗಳು, ಉದ್ದುದ್ದ. ಕೆಂಪು ಎಂಬುದು ಹುಡುಕಿದರೂ ಇರಲಿಲ್ಲ.

ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದ ಮಗುವಿಗೂ ಅದೇನೆಂದು ಗೊತ್ತಾಗುತ್ತದೆ. ಕೊಯ್ದ ಜೋಳದ ಕೂಳೆ ಮತ್ತೆ ಚಿಗುರಿದರೆ ಆ ಎಳೆ ಚಿಗುರು ಕುರಿಗೆ ವಿಷ. ಅಂಥ ಹೊಲದ ಕಡೆ ಮಂದೆ ಹೋಗದಂತೆ ಕಾಯುವುದೇ ಆ ದಿನಗಳಲ್ಲಿ ಕುರಿ ಕಾಯುವವನ ಮೊದಲ ಕೆಲಸ. ದೊಡ್ಡಪ್ಪ ಎಲ್ಲೋ ನೆರಳಲ್ಲಿ ಮಲಗಿದ್ದನೋ, ಯಾರ ಜೊತೆ ಮಾತಿಗೆ ಕೂತಿದ್ದನೋ ನನಗೆ ಗೊತ್ತಿಲ್ಲ. ಮಂದೆಯ ಮೇಲೆ ಕಣ್ಣಿಟ್ಟಿರಲಿಲ್ಲ ಎಂಬುದು ಮಾತ್ರ ಅಲ್ಲಿ ನೆಲದ ಮೇಲೆ ಬಿದ್ದಿತ್ತು. ಕುರಿಗಳು ತೂರಾಡಿದಾಗಲೇ ಅವನಿಗೆ ಎಲ್ಲ ಗೊತ್ತಾಗಿರಬೇಕು.

ಅಪ್ಪ ಅದನ್ನು ನೋಡಿದ. ತಲೆಯೆತ್ತಿ ಅಣ್ಣನನ್ನು ನೋಡಿದ. ದೊಡ್ಡಪ್ಪ ಮುಖ ತಿರುಗಿಸಿದ. ಅಪ್ಪ ಮಣ್ಣು ಎಳೆದು ಅದರ ಮೇಲೆ ಮುಚ್ಚತೊಡಗಿದ.

"ಅಪ್ಪಾ, ಅದು ಜ್ವಾಳದ ಚಿಗುರಲ್ಲೇನು?"

"ಸುಮ್ನಿರು."

"ಹಂಗಾದ್ರ ನನ್ನ ಗಿಡ ಯಾಕ ಕಡಿದ?"

"ಸುಮ್ನಿರಂತ ಹೇಳಿದ್ನಿಲ್ಲ? ದೊಡ್ಡವರು ಅವರು."

ಗಿಡ ಕಡಿದಾಗ ಬಂದ ಸಿಟ್ಟು ಈಗ ಬಂದ ಸಿಟ್ಟಿನ ಮುಂದೆ ಏನೂ ಅಲ್ಲ. ದೊಡ್ಡಪ್ಪ ಸುಳ್ಳು ಹೇಳಿದ. ಆದರೆ ಅಪ್ಪನಿಗೆ ನಿಜ ಗೊತ್ತಿತ್ತು, ಅದನ್ನು ನನ್ನ ಕಣ್ಣೆದುರಿಗೇ ಮಣ್ಣು ಹಾಕಿ ಮುಚ್ಚುತ್ತಿದ್ದ. ನಾನು ಬಗ್ಗಿ ಆ ಹಸಿರನ್ನು ಎರಡೂ ಕೈಯಲ್ಲಿ ಬಾಚಿಕೊಂಡೆ. ಬಿಸಿಯಾಗಿ, ಲೋಳೆಯಾಗಿ, ಹುಳಿ ನಾತ ಹೊಡೆಯುತ್ತಿತ್ತು. ಓಣಿಯ ಜನ ಇನ್ನೂ ಅಂಗಳದಲ್ಲೇ ಇದ್ದರು. ಎಲ್ಲರ ನಡುವೆ ಹಾದು ಹೋಗಿ ದೊಡ್ಡಪ್ಪನ ಕಾಲ ಬಳಿ ಎಸೆದೆ.

"ಕೂಳಿ ಜ್ವಾಳ ಮೇಯಿಸಿ ಕುರಿ ಕೊಂದವನು ನೀನು!"

ಅಪ್ಪ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದ. ಅದಕ್ಕಿಂತ ಮೊದಲು ಅವನು ನನ್ನನ್ನು ಹೊಡೆದವನೇ ಅಲ್ಲ. ಇನ್ನೊಂದು ಏಟಿಗೆ ಕೈ ಎತ್ತಿದ್ದಾಗ ಅವ್ವ ಅಡ್ಡ ಬಂದಳು. ದೊಡ್ಡಪ್ಪನ ಎದುರಿಗೆ ತಲೆಯ ಮೇಲಿನ ಸೆರಗು ಜಾರದಂತೆ ಓಡಾಡುತ್ತಿದ್ದ ಅವ್ವ, ಅವನ ಮುಂದೆ ಒಂದು ಮಾತೂ ಆಡಿದ್ದನ್ನು ನಾನು ಕೇಳಿರಲಿಲ್ಲ.

"ಹೊಡಿಬ್ಯಾಡ್ರಿ. ಕೂಸು ಸುಳ್ಳು ಹೇಳಿಲ್ಲ. ಎಲ್ಲಾರೂ ನೋಡ್ಯಾರ" ಅಂದಳು. ಅದು ಎಲ್ಲರಿಗೂ ಕೇಳಿಸಿತು.

ನೆರೆದವರಲ್ಲಿ ಒಬ್ಬ ಮುದುಕ ಕೋಲಿನಿಂದ ಆ ಹಸಿರನ್ನು ಕೆದಕಿ, "ಹೌದ್ರಿ, ಕೂಳಿ ಚಿಗುರೇ ಇದು" ಎಂದ. ದೊಡ್ಡಪ್ಪ ಕೊಡಲಿ ಅಲ್ಲೇ ಬಿಟ್ಟು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ತಪ್ಪಾಯಿತು ಎನ್ನಲಿಲ್ಲ. ಜನ ಚದುರಿದರು.

ನಾನು ಅಳಲಿಲ್ಲ. ಕೆಸರಿನಲ್ಲಿ ಬಿದ್ದಿದ್ದ ಕೊಂಬೆಗಳಲ್ಲಿ ದಪ್ಪ ದಪ್ಪನೆಯವನ್ನು ಆರಿಸಿ, ಎಲೆ ಬಿಡಿಸಿ, ಗೇಣುದ್ದಕ್ಕೆ ತುಂಡು ಮಾಡಿ, ತುದಿಗಳನ್ನು ಬೂದಿಯಲ್ಲಿ ಅದ್ದಿದೆ. ಆಮೇಲೆ ಅವನ್ನು ಮಡಿಲಲ್ಲಿ ತುಂಬಿಕೊಂಡು ದೊಡ್ಡಪ್ಪನ ಬಾಗಿಲಿನ ಎದುರಿಗೆ ಹೋದೆ. ಅಲ್ಲೇ ನೆಡಬೇಕು, ಬಾಗಿಲು ತೆಗೆದಾಗಲೆಲ್ಲ ಅವನಿಗೆ ಅದೇ ಕಾಣಬೇಕು ಎಂದು ನಿಶ್ಚಯಿಸಿದ್ದೆ. ನೆಲ ಗಟ್ಟಿಯಿತ್ತು. ಕುಡುಗೋಲಿನ ತುದಿಯಿಂದ ಕೆರೆದು ಕೆರೆದು ನನ್ನ ಅಂಗೈ ಸುಲಿಯಿತು.

ಹೊತ್ತು ಇಳಿಯುವಾಗ ಅಪ್ಪ ಹಾರೆ ಹಿಡಿದುಕೊಂಡು ಬಂದ. ನನ್ನ ಕಡೆ ನೋಡಲಿಲ್ಲ. ತನ್ನ ಅಣ್ಣನ ಬಾಗಿಲೆದುರು ಒಂದರ ಪಕ್ಕ ಒಂದು ಗುಂಡಿ ತೋಡುತ್ತಾ ಹೋದ. ಹಾರೆ ಕಲ್ಲಿಗೆ ಬಡಿದ ಸದ್ದು ಆ ಮುಚ್ಚಿದ ಬಾಗಿಲಿನ ಒಳಗೆ ಕೇಳಿಸದೇ ಇರಲು ಸಾಧ್ಯವಿರಲಿಲ್ಲ. ಅಪ್ಪ ತೋಡಿದ, ನಾನು ನೆಟ್ಟೆ. ಕೆನ್ನೆ ಇನ್ನೂ ಉರಿಯುತ್ತಿತ್ತು.

ಸಂಕ್ರಾಂತಿಗೆ ಬಂದ ಅಕ್ಕನಿಗೆ ಬೋಳು ಕಡ್ಡಿಗಳಷ್ಟೇ ಕಂಡವು. ಅವಳೂ ಸಿಟ್ಟಾದಳು, ನನಗೆ ಅದರಿಂದ ಸ್ವಲ್ಪ ಸಮಾಧಾನವಾಯಿತು. ಮುಂದಿನ ವರ್ಷವೂ ದಸರೆಯಿಂದ ದಿನಾ ಸಂಜೆ ಕಂಬಳಿ, ಗೋಣಿಚೀಲ ಹೊದಿಸಿದೆ; ಚಳಿಗಾಲಕ್ಕೆ ಬದುಕಿದ ಕಡ್ಡಿಗಳೆಲ್ಲ ಸಾಲಾಗಿ ಕೆಂಪಾದವು. ದೊಡ್ಡಪ್ಪ ಆ ಸಾಲನ್ನು ದಾಟಿಯೇ ಕುರಿ ಹೊಡೆದುಕೊಂಡು ಹೋಗಬೇಕಿತ್ತು. ಒಂದು ಕುರಿಯೂ ಬಾಯಿ ಹಾಕಲಿಲ್ಲ. ಬೇಸಿಗೆಯಲ್ಲಿ ಅವನು ಕೈತೊಳೆದ ನೀರನ್ನು ಅವುಗಳ ಬುಡಕ್ಕೆ ಚೆಲ್ಲುತ್ತಿದ್ದನೆಂದು ಅವ್ವ ಹೇಳುತ್ತಿದ್ದಳು. ಅಷ್ಟು ಸಾಕಲ್ಲವೇ ಎಂದು ಅವಳ ಅರ್ಥ. ನನಗೆ ಸಾಕಾಗಲಿಲ್ಲ. ಈಗಲೂ ಸಾಲದು. ನನಗೆ ಬೇಕಿದ್ದದ್ದು ಬಾಯಿಬಿಟ್ಟು ಹೇಳುವ ಒಂದು ಮಾತು.

ಈಗ ನೀವು ರಾಯದುರ್ಗದ ಪೇಟೆಯಲ್ಲಿ ಬೆಳೆಯುತ್ತಿದ್ದೀರಿ. ನಿಮ್ಮ ಓಣಿಯ ದೀಪಗಳು ಬೆಳಗಿನ ತನಕ ಉರಿಯುತ್ತವೆ, ಅಲ್ಲಿ ರಾತ್ರಿ ಎಂಬುದೇ ಇಲ್ಲ. ಕೆಂಪೆಲೆ ಗಿಡ ನಿಮ್ಮ ಮನೆಗೆ ನರ್ಸರಿಯಿಂದ ಕೆಂಪಾಗಿಯೇ ಬರುತ್ತದೆ. ಹಸಿರಾಗಿದ್ದಾಗ ಅದು ಹೇಗಿರುತ್ತದೆಂದು ನೀವು ಕಂಡೇ ಇಲ್ಲ. ಎಲೆ ಉದುರಿದ ಕೂಡಲೇ ಸತ್ತಿತೆಂದು ಕಸದ ಗಾಡಿಗೆ ಹಾಕಿದಿರಿ. ನಾನು ಬರಿಗಾಲಲ್ಲಿ ಆ ಗಾಡಿಯ ಹಿಂದೆ ಓಡಿ ಕುಂಡ ಇಳಿಸಿಕೊಂಡು ಬಂದಾಗ ನೀವು ನಕ್ಕಿರಿ. ನಾನು ಬೈದೆ, ಸರಿಯಾಗಿಯೇ ಬೈದೆ.

ಆದರೆ ಆಮೇಲೆ ನಿಮ್ಮಲ್ಲಿ ಚಿಕ್ಕವಳು ಸೊಂಟದ ಮೇಲೆ ಕೈಯಿಟ್ಟು, "ಅಜ್ಜಿ, ಅದು ಬದುಕೈತಂತ ನಮಗೆ ಯಾರೂ ಹೇಳಿರ್ಲಿಲ್ಲ. ಸುಮ್ನ ಯಾಕ ಬೈತಿ?" ಎಂದು ನನ್ನನ್ನೇ ಕೇಳಿದಳು. ಅವಳ ಅಪ್ಪ ಒಳಗಿನಿಂದ "ಸುಮ್ನಿರು, ದೊಡ್ಡವರ ಜೊತಿ ಹಂಗ ಮಾತಾಡಬಾರದು" ಎಂದ.

ನಾನು ಅವನ ಮೇಲೆ ರೇಗಿದೆ. ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಹೇಳಬೇಕಾಗಿದ್ದವಳು ನಾನು, ಹೇಳಿರಲಿಲ್ಲ. ಅಂಗಳದಲ್ಲಿ ಎಲ್ಲರಿಗೂ ಕೇಳುವ ಹಾಗೆ ಅವಳಿಗೆ "ತಪ್ಪಾಯಿತು" ಅಂದೆ. ನನ್ನ ವಯಸ್ಸಿನಲ್ಲೂ ಆ ಮಾತು ಗಂಟಲಿನಿಂದ ಸುಲಭವಾಗಿಯೇ ಹೊರಗೆ ಬಂತು.