ಮಂಚದ ಕೆಳಗೆ ಎಷ್ಟು ಜಾಗ?

"ಮರ್ಲ್ ಸತ್ತರೆ ಸ್ವರ್ಗಕ್ಕೂ ಮೊದಲು ಫೋನ್ ಮಾಡಿ ಬಾಗಿಲ ಅಗಲ ಕೇಳ್ತಾಳೆ" ಎಂದು ನಮ್ಮ ಬಾರ್ಕಾಲ್ಡಿನ್ ಊರಿನವರು ಆಡಿಕೊಳ್ಳುತ್ತಿದ್ದರು. ಅವಳ ಬೇಲಿಯಾಚೆಯ ಮನೆಯವಳು ನಾನು; ನಾನೂ ಆಡಿಕೊಂಡವಳೇ.

ಅವಳ ತಮ್ಮ ಡೆಸ್ ಇಪ್ಪತ್ತಾರರ ಹರೆಯದಲ್ಲಿ ನೀರೆತ್ತುವ ಗಾಳಿಯಂತ್ರ ರಿಪೇರಿಗೆ ಹತ್ತಿ ಬಿದ್ದ. ಕುತ್ತಿಗೆಯ ಕೆಳಗೆ ಜೀವವಿಲ್ಲ, ನಾಲಿಗೆಗೆ ಮಾತ್ರ ಇಬ್ಬರ ಜೀವ. ಅವರ ಅಪ್ಪ ಅವನ ಮಂಚವನ್ನು ನಾಲ್ಕು ಮರದ ದಿಮ್ಮಿಗಳ ಮೇಲೆ ಏರಿಸಿ, ಬಾಗಿಲಿಗೆ ಇಳಿಜಾರು ಹಲಗೆ ಹೊಡೆದು, ಕಣ್ಣು ಮುಚ್ಚಿದ. ಆಮೇಲೆ ಎಲ್ಲವೂ ಮರ್ಲ್‌ಳ ಪಾಲಿಗೆ.

ಹೀಗಿರುವಾಗ ಮರ್ಲ್‌ಳ ತಂಗಿಯ ಮಗಳು ಟ್ಯಾಮ್ಸಿನ್‌ಗೆ ಯೆಪೂನ್‌ನ ಕಡಲ ದಂಡೆಯಲ್ಲಿ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುಮಗಳನ್ನು ಅಪ್ಪ ಜೊತೆಗೆ ನಡೆದು ಕರೆತರಬೇಕು; ಇವಳು ಅಪ್ಪನಿಲ್ಲದ ಹುಡುಗಿ. "ನನ್ನ ಜೊತೆ ನಡೆದು ಬರೋನು ಡೆಸ್ ಮಾವನೇ" ಎಂದು ಹಟ ಹಿಡಿದಳು.

"ನಡೆಯೋದೊಂದು ಬಿಟ್ಟು ಬೇರೆಲ್ಲ ಮಾಡ್ತೀನಮ್ಮ" ಎಂದ ಡೆಸ್.

ದಾರಿ ಒಂದು ದಿನದ್ದಲ್ಲ. ಹಗಲಿರುಳು ಗಾಲಿಕುರ್ಚಿಯಲ್ಲೇ ಕೂತರೆ ಅವನ ಚರ್ಮ ಹುಣ್ಣಾಗಿ ಆಸ್ಪತ್ರೆ ಸೇರಬೇಕು. ನಡುವೆ ಎಮರಾಲ್ಡ್ ಊರಲ್ಲಿ ಒಂದು ರಾತ್ರಿ ಮೈಚಾಚಿ ಮಲಗಿದರೆ ಮಾತ್ರ ಮದುವೆ.

ಮರ್ಲ್ ಫೋನ್ ಹಿಡಿದು ಕೂತಳು. "ಅನುಕೂಲ ಇದ್ಯಾ ಅಂತ ಕೇಳಬಾರ್ದು ಕಣೇ. ಎಲ್ರೂ ಇದೆ ಅಂತಾರೆ. ಅಳತೆ ಟೇಪ್ ಹಿಡಿಸಿ ಬಚ್ಚಲಿಗೆ ಕಳಿಸ್ಬೇಕು" ಎಂದು ನನಗೆ ಪಾಠ ಬೇರೆ.

ಮೊದಲನೆಯ ಮೋಟೆಲಿನವನು, "ಮೆಟ್ಟಿಲೇ ಇಲ್ಲಮ್ಮ, ಬರೀ ಹೊಸ್ತಿಲು" ಎಂದ.

"ಹೊಸ್ತಿಲು ಎಷ್ಟೆತ್ತರ?"

"ಒಂದು ಗೇಣು ಇರಬಹುದು."

"ನಮ್ಮೂರಲ್ಲಿ ಅದಕ್ಕೆ ಮೆಟ್ಟಿಲು ಅಂತೀವಪ್ಪ" ಎಂದು ಫೋನ್ ಇಟ್ಟಳು.

ಐದನೆಯ ಫೋನಿಗೆ ಗ್ಲೆನಿಸ್ ಎಂಬ ಒಡತಿ ಸಿಕ್ಕಳು. ಮರ್ಲ್‌ಳ ನಲವತ್ತು ಪ್ರಶ್ನೆಗೂ ಎದ್ದು ಹೋಗಿ ಅಳೆದು ಬಂದಳು. ಕೊನೆಗೆ, "ನನ್ನ ಸೊಂಟದ ಅಳತೆನೂ ಬೇಕಾ?" ಎಂದಳು. ಕೋಣೆ ಗೊತ್ತಾಯಿತು.

ವ್ಯಾನು ಓಡಿಸಿದವಳು ನಾನು. ಮಧ್ಯಾಹ್ನ ಮೂರಕ್ಕೆ ಮುಟ್ಟಿದೆವು. ಬಾಗಿಲು ಸರಿ, ಬಚ್ಚಲು ಸರಿ. ಡೆಸ್‌ನನ್ನು ಕುರ್ಚಿಯಿಂದೆತ್ತಿ ಮಲಗಿಸುವ ಗಾಲಿಯಂತ್ರವನ್ನು ಮರ್ಲ್ ತಳ್ಳಿದಳು. ಅದರ ಕಾಲುಗಳು ಮಂಚದಡಿ ನುಗ್ಗಬೇಕು. ಠಕ್ ಎಂದು ನಿಂತವು. ಮಂಚ ಪೆಟ್ಟಿಗೆಯ ಹಾಗೆ ನೆಲಕ್ಕೆ ಅಂಟಿ ಕೂತಿತ್ತು.

ಮರ್ಲ್ ಅದರ ಮೇಲೇ ಕುಸಿದಳು. "ಮೂವತ್ತು ವರ್ಷ ದಿಮ್ಮಿ ಮೇಲಿನ ಮಂಚ ನೋಡಿ ನೋಡಿ, ಮಂಚ ಅಂದ್ರೆ ಹಂಗೇ ಇರುತ್ತೆ ಅನ್ಕೊಂಡ್ಬಿಟ್ಟೆ."

ಡೆಸ್ ಒಮ್ಮೆಯೂ ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ವಾಪಸ್ ಹೋಗೋಣ ಅಕ್ಕ. ಟ್ಯಾಮ್ಸಿನ್‌ಗೆ ನಾನೇ ಹೇಳ್ತೀನಿ."

ಮರ್ಲ್ ಎದ್ದು ಕಿಟಕಿಗೆ ಹೋದಳು. ಕಿಟಕಿಯಾಚೆ ಅಂಗಳದಲ್ಲಿ ಮಾಂಸ ಸುಡುವ ಇಟ್ಟಿಗೆಯ ಒಲೆ. ಬರೀ ಜೋಡಿಸಿದ್ದು, ಗಾರೆ ಇಲ್ಲ.

"ಗ್ಲೆನಿಸ್, ಇವತ್ತು ರಾತ್ರಿ ಇಲ್ಲಿ ಯಾರಾದ್ರೂ ಮಾಂಸ ಸುಡ್ತಾರಾ?" ಎಂದು ಬಾಗಿಲಲ್ಲಿ ನಿಂತಿದ್ದ ಒಡತಿಯನ್ನು ಕೇಳಿದಳು.

"ಸುಡ್ತಿದ್ರು. ಇನ್ನು ಬ್ರೆಡ್ ತಿನ್ಲಿ" ಎಂದು ಗ್ಲೆನಿಸ್ ತಾನೇ ಮೊದಲ ಇಟ್ಟಿಗೆ ಕಿತ್ತಳು. ಪಕ್ಕದ ಕೋಣೆಯ ಇಬ್ಬರು ಲಾರಿ ಚಾಲಕರು ಮಂಚ ಎತ್ತಿ ಹಿಡಿದರು. ಮೂಲೆಗೆ ಮೂರರಂತೆ ಇಟ್ಟಿಗೆ ತುರುಕಿದೆವು. ಗಾಲಿಯಂತ್ರ ಸಲೀಸಾಗಿ ಒಳಗೆ ಹೋಯಿತು.

ಮಲಗಿದ ಡೆಸ್ ಮೂಗು ಅರಳಿಸಿ, "ಹಾಸಿಗೆಲಿ ಯಾರೋ ಕುರಿ ಸುಟ್ಟಿದ್ದಾರೆ" ಎಂದ.

ಮಾರನೆಯ ದಿನ ಮರಳಿಗೆ ಹಾಸಿದ ಹಲಗೆಯ ಮೇಲೆ ಅವನ ಕುರ್ಚಿಯನ್ನು ಮರ್ಲ್ ತಳ್ಳಿದಳು, ಅವನ ಭುಜದ ಮೇಲೆ ಕೈಯಿಟ್ಟು ಟ್ಯಾಮ್ಸಿನ್ ನಡೆದಳು. ಮಂಚದಡಿಯ ಜಾಗವೂ ಸೇರಿ ಮರ್ಲ್‌ಳ ಪ್ರಶ್ನೆಗಳು ನಲವತ್ತೊಂದಾದವು. ಅಂದಿನಿಂದ ಸುತ್ತೂರಿನ ಗಾಲಿಕುರ್ಚಿಯವರು ಎಲ್ಲಿಗೆ ಹೊರಟರೂ ಮೊದಲು ಮರ್ಲ್‌ಗೆ ಫೋನ್ ಮಾಡುತ್ತಿದ್ದರು.

ಡೆಸ್ ತೀರಿಹೋಗಿ ಆರು ವರ್ಷಕ್ಕೆ ಮರ್ಲ್‌ಳ ಸೊಂಟ ಸೋತಿತು. ಅವಳೂ ಗಾಲಿಕುರ್ಚಿಗೆ ಬಂದಳು. ತನ್ನ ಮನೆಗೆ ಕರೆದೊಯ್ಯಲು ಟ್ಯಾಮ್ಸಿನ್ ಬಂದಳು.

"ಬಾಗಿಲು ಅಳೆದಿದ್ದೀನಿ ದೊಡ್ಡಮ್ಮ. ಹೊಸ್ತಿಲು ಕೀಳಿಸಿದ್ದೀನಿ."

ಮರ್ಲ್ ಕುರ್ಚಿಯ ಬ್ರೇಕು ಬಿಡಲಿಲ್ಲ. "ಮಂಚದ ಕೆಳಗೆ?"

"ಒಂದು ಗೇಣು. ಮೇಲೆ ನಾಲ್ಕು ಬೆರಳು."

ಆಗ ಬ್ರೇಕು ಬಿಟ್ಟಳು. ಅವಳ ಅಪ್ಪ ಹೊಡೆದ ಇಳಿಜಾರು ಹಲಗೆಯ ಮೇಲೆ ನಾನೇ ಕುರ್ಚಿ ಹಿಡಿದು, ಮೆಲ್ಲಗೆ ಇಳಿಸಿದೆ.