ತಾಟು ತೊಳೆದ ನೀರು

ನಾನು ಓದಿದ್ದು ಕಲಬುರಗಿಯ ಒಂದು ಕಾನ್ವೆಂಟಿನಲ್ಲಿ. ಉಣ್ಣುವ ಮೊದಲು ಎಲ್ಲರೂ ಬೆಂಚಿನಿಂದ ಎದ್ದು ನಿಂತು ಇಂಗ್ಲಿಷಿನಲ್ಲಿ ಪ್ರಾರ್ಥನೆ ಹೇಳಬೇಕಿತ್ತು. ನಡವಳಿಕೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು, ತಟ್ಟೆಯನ್ನು ಬೆರಳಿನಿಂದ ಬಳಿದು ತಿನ್ನಬಾರದು, ಕೊನೆಯ ತುತ್ತು ಉಳಿದರೂ ಚಿಂತೆಯಿಲ್ಲ, ಹಸಿದು ಬಂದವರ ಹಾಗೆ ಕಾಣಬಾರದು ಎನ್ನುತ್ತಿದ್ದರು. ನಾನೋ, ಹೇಳಿದ ಮಾತು ಕೇಳುವ ಹುಡುಗಿ. ಹಾಗಾಗಿ ನನ್ನ ತಟ್ಟೆಯ ಅಂಚಿನಲ್ಲಿ ಯಾವಾಗಲೂ ಒಂದು ತುತ್ತು ಉಳಿಯುತ್ತಿತ್ತು.

ಮದುವೆಯಾಗಿ ಗಡಿಯಾಚೆ ಮಹಾರಾಷ್ಟ್ರದ ಉದಗೀರಿಗೆ ಬಂದ ಮೊದಲ ದಿನವೇ ಆ ತುತ್ತು ನನ್ನ ಅತ್ತೆಯ ಕಣ್ಣಿಗೆ ಬಿತ್ತು.

"ಇದು ಯಾರಿಗಿ ಬಿಟ್ಟೀದಿ? ನಿಮ್ಮ ಸಿಸ್ಟರಗೇನ? ಡಬ್ಬ್ಯಾಗ ಹಾಕಿ ಕೊಡ್ಲಾ, ಬಸ್ಸಿಗಿ ಕಳಸಮು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅತ್ತೆ ನಗಲಿಲ್ಲ. ಅವರು ನಿಲಂಗಾದ ಕಡೆಯ ಶಿವಭಕ್ತರ ಮನೆಯವರು. ಅವರಿಗೆ ಊಟ ಎಂದರೆ ಪ್ರಸಾದ. ಉಂಡಾದ ಮೇಲೆ ತಾಟಿಗೆ ಸ್ವಲ್ಪ ನೀರು ಹಾಕಿಕೊಂಡು, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಒಂದು ಅಗುಳು ಮೋರಿಗೆ ಹೋಗಬಾರದು. ಅವರು ಎದ್ದ ಮೇಲೆ ತಾಟು ನೋಡಿದರೆ ಯಾರೂ ಉಂಡೇ ಇಲ್ಲ ಅನ್ನಿಸಬೇಕು.

ಮನೆಯಲ್ಲಿ ಹೀಗೆ ಮಾಡುವವರು ಅವರೊಬ್ಬರೇ ಉಳಿದಿದ್ದರು. ನನ್ನ ಗಂಡನಿಗೆ ಬೀಜ-ಗೊಬ್ಬರದ ಅಂಗಡಿ. ಮಧ್ಯಾಹ್ನ ಅಲ್ಲೇ ಭಜಿ ತಿಂದು ಚಹಾ ಕುಡಿದು, ಮನೆಗೆ ಬಂದು ಅರ್ಧ ಉಂಡು ಏಳುತ್ತಾರೆ. ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ. ಅವಳ ಡಬ್ಬಿಯಲ್ಲಿ ಮೂರು ಖಾನೆ: ಒಂದರಲ್ಲಿ ಚಪಾತಿ, ಒಂದರಲ್ಲಿ ಪಲ್ಲೆ, ಇನ್ನೊಂದರಲ್ಲಿ ಹಣ್ಣು. ಹಣ್ಣಿನ ಖಾನೆ ತುಂಬಿದ್ದು ತುಂಬಿದ ಹಾಗೆ ತಿರುಗಿ ಬರುತ್ತದೆ. ಅಜ್ಜಿ ತಾಟಿಗೆ ನೀರು ಹಾಕಿಕೊಂಡರೆ ಸಾಕು, "ಶೀ! ಅಜ್ಜಿ ಖರಕಟಾ ನೀರ ಕುಡಿತಾಳ" ಎಂದು ಓಡುತ್ತಿದ್ದಳು. ಎಂಜಲು ಪಾತ್ರೆಗೆ ಮರಾಠಿಯಲ್ಲಿ ಹೇಳುವ ಮಾತು ಅದು.

"ಓಡು, ಓಡು" ಎನ್ನುತ್ತಿದ್ದರು ಅತ್ತೆ. "ನಾ ಹೋದ ಮ್ಯಾಲ ಈ ಮನ್ಯಾಗ ಪ್ರಸಾದ ಅನ್ನೋದು ಮೋರ್ಯಾಗೇ ಹರೀತದ."

ನಮ್ಮ ಮನೆಯ ಹಿಂದೆಯೇ ಸರಕಾರಿ ಶಾಲೆ. ಹನ್ನೆರಡು ದಾಟುತ್ತಲೇ ಅರಿಶಿನ ಹಾಕಿದ ಖಿಚಡಿಯ ವಾಸನೆ ನನ್ನ ಅಡಿಗೆಮನೆಯ ಕಿಟಕಿಯಿಂದ ಒಳಗೆ ಬರುತ್ತದೆ. ಆಮೇಲೆ ಸೌಟಿನಿಂದ ಪಾತ್ರೆ ಬಡಿಯುವ ಸದ್ದು, ಮಕ್ಕಳು ತಾಟು ಹಿಡಿದು ಓಡುವ ಸದ್ದು. ಆ ಶಾಲೆಯ ಹುಡುಗಿಯೊಬ್ಬಳು ನನ್ನ ಮಗಳ ಗೆಳತಿಯಾದಳು. ಇಬ್ಬರಿಗೂ ಒಂಬತ್ತು ವರ್ಷ. ಮಗಳು ಓಣಿಯ ತುದಿಯಲ್ಲಿ ಶಾಲೆಯ ವ್ಯಾನಿನಿಂದ ಇಳಿಯುವ ಹೊತ್ತಿಗೆ ಆ ಹುಡುಗಿ ಕುಂಟಾಬಿಲ್ಲೆ ಆಡುತ್ತಿದ್ದಳು, ಮಗಳು ಚೀಲ ಕೆಳಗಿಟ್ಟು ಆಟಕ್ಕೆ ಸೇರಿದಳು, ಅಷ್ಟೇ. ಸುತ್ತಲಿನ ಮಕ್ಕಳೆಲ್ಲ ಮರಾಠಿ ಆಡುವಾಗ ಇವಳ ಬಾಯಲ್ಲಿ ನಮ್ಮ ಕನ್ನಡ ಕೇಳಿ ನನಗೂ ಖುಷಿಯಾಯಿತು.

ಒಂದು ಭಾನುವಾರ ಹನ್ನೊಂದರ ಹೊತ್ತಿಗೆ ಅವಳು ನಮ್ಮ ಪಡಸಾಲೆಯ ಮೆಟ್ಟಿಲಿಗೆ ಬಂದು ಕೂತಳು. ಕೇಳಬೇಕಲ್ಲ ಎಂದು ಕೇಳಿದೆ:

"ಊಟ ಆತೇನವ್ವಾ?"

"ಇವತ್ತ ಐತವಾರರಿ ಕಾಕು. ಸಾಲಿ ಇಲ್ರಿ."

ನಾನು ಊಟದ ಬಗ್ಗೆ ಕೇಳಿದರೆ ಇವಳೇಕೆ ಶಾಲೆಯ ಬಗ್ಗೆ ಹೇಳುತ್ತಾಳೆ ಎಂದುಕೊಂಡು ಒಳಗೆ ಹೋದೆ. ಒಲೆಯ ಮುಂದೆ ನಿಂತು ಎರಡನೆಯ ರೊಟ್ಟಿ ತಿರುವಿ ಹಾಕುವಾಗ ನನಗೆ ಅರ್ಥವಾಯಿತು.

ಅವತ್ತು ಪಡಸಾಲೆಯಲ್ಲಿಯೇ ಅವಳಿಗೆ ತಾಟು ಹಾಕಿದೆ. ಜೋಳದ ರೊಟ್ಟಿ, ಬೇಳೆ, ಶೇಂಗಾ ಚಟ್ನಿ, ಮೊಸರು. ಅವಳು ಮೊದಲ ರೊಟ್ಟಿಯನ್ನು ಬಹಳ ನಿಧಾನ ಉಂಡಳು, ಎರಡನೆಯದು ಬರುತ್ತದೆ ಎಂದು ಗೊತ್ತಾದ ಮೇಲೆ ಬೇಗ ಬೇಗ. ಕೊನೆಗೆ ತಂಬಿಗೆ ಎತ್ತಿ ತಾಟಿಗೆ ನೀರು ಹಾಕಿಕೊಂಡಳು. ಬೆರಳಿನಿಂದ ಸುತ್ತಲೂ ತೊಳೆದಳು. ಎರಡೂ ಕೈಯಲ್ಲಿ ತಾಟು ಎತ್ತಿ ಅಷ್ಟೂ ನೀರು ಕುಡಿದಳು.

ಒಳಬಾಗಿಲಲ್ಲಿ ಅತ್ತೆ ನಿಂತಿದ್ದರು. ನಾನು ಅವರ ಮುಖದಲ್ಲಿ ಅಂಥ ಬೆಳಕು ಅದಕ್ಕಿಂತ ಮೊದಲು ನೋಡಿರಲಿಲ್ಲ.

"ನೋಡಿದ್ಯೇನ?" ಎಂದರು ಮೆಲ್ಲಗೆ. "ಇದಕ್ಕ ಅಂತಾರ ಸಂಸ್ಕಾರ. ಯಾರ ಪೈಕಿ ಅದ ಈ ಕೂಸು?"

"ಕೇಳಿಲ್ರೀ ಅತ್ತಿ" ಎಂದೆ. ಆ ದಿನಕ್ಕೆ ಅದು ನಿಜವಾಗಿತ್ತು.

"ಕೇಳೋದೇನದ? ನಮ್ಮ ಮಂದಿನೇ. ತಾಟ ತೊಳೆದು ಕುಡಿಯೋದು ಮತ್ತ್ಯಾರಿಗಿ ಬರ್ತದ?"

ಮುಂದಿನ ಭಾನುವಾರ ಅವಳ ತಾಟು ಪಡಸಾಲೆಯಿಂದ ಒಳಗೆ ಬಂತು, ಅತ್ತೆಯ ಮಣೆಯ ಪಕ್ಕಕ್ಕೆ. ಉಣ್ಣುವ ಮುಂಚೆ ಅತ್ತೆ ತಮ್ಮ ಕೈಯಾರೆ ಅವಳ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮುಖ ಮೇಲೆತ್ತಿ ಹಿಡಿಯುತ್ತಿದ್ದಳು. ಉಂಡಾದ ಮೇಲೆ ಅಜ್ಜಿ ಮತ್ತು ಹುಡುಗಿ ಇಬ್ಬರೂ ಒಟ್ಟಿಗೇ ತಾಟು ಎತ್ತುತ್ತಿದ್ದರು. ನನ್ನ ಮಗಳಿಗೆ ಹೊಟ್ಟೆಕಿಚ್ಚಾಗಿ ಅವಳೂ ಒಂದು ದಿನ ಮೂಗು ಹಿಡಿದುಕೊಂಡು ಕುಡಿದಳು. ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಆಷಾಢದಲ್ಲಿ ನಮ್ಮ ಮನೆಯ ಭಾನುವಾರಗಳು ಬಹಳ ಚೆನ್ನಾಗಿದ್ದವು.

ಒಂದು ಸಂಜೆ ಮಳೆ ಬಿಡಲಿಲ್ಲ. ಅವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಮನೆಗೆ ಬಿಡಲು ಹೊರಟೆ. ಅವಳು ದಾರಿ ಹೇಳುತ್ತಾ ಹೋದಳು, ಎಡಕ್ಕೆ, ಮತ್ತೆ ಎಡಕ್ಕೆ. ಕೊನೆಗೆ ನಿಲ್ಲಿಸಿದ ಓಣಿ ಯಾರದ್ದು ಎಂದು ನನಗೆ ಗೊತ್ತಿತ್ತು. ಆ ಓಣಿಯವರು ಕೆಲಸಕ್ಕೆ ಬಂದರೆ ಚಹಾ ಕೊಡಲು ನಮ್ಮ ಹಿತ್ತಲ ಗೋಡೆಯ ಮೇಲೆ ಎರಡು ಗಾಜಿನ ಲೋಟ ಬೇರೆ ಇಟ್ಟಿರುತ್ತೇವೆ. ಅವು ಮನೆಯ ಒಳಗೆ ಬರುವುದಿಲ್ಲ.

ಅವಳ ತಾಯಿ ಆಗಷ್ಟೇ ಕೆಲಸದಿಂದ ಬಂದಿದ್ದಳು. ಬೇಳೆ ಗಿರಣಿಯಲ್ಲಿ ತೊಗರಿ ಹಸನು ಮಾಡುವ ಕೆಲಸ. ತಲೆಗೂದಲ ತುಂಬ ಧೂಳು. ಗಂಡ ಇಲ್ಲ. ಮೊದಲು ಔರಾದ ಕಡೆ ಇದ್ದರಂತೆ. ನನ್ನನ್ನು ಒಳಗೆ ಕರೆಯಲೋ ಬೇಡವೋ ಎಂದು ತಿಳಿಯದೆ ಬಾಗಿಲಲ್ಲೇ ನಿಂತಳು. ಮುಂಜಾನೆ ತಾನು ಗಿರಣಿಗೆ ರೊಟ್ಟಿ-ಖಾರ ಕಟ್ಟಿಕೊಂಡು ಹೋಗುತ್ತೇನೆ, ಮಗಳಿಗೆ ಒಂದು ರೊಟ್ಟಿ ಇಟ್ಟು ಹೋಗುತ್ತೇನೆ ಎಂದಳು.

"ರಾತ್ರಿಗಿ ನಾ ಬಂದು ಮಾಡ್ತೀನ್ರಿ. ನಡುವಿನ ಊಟ ಸಾಲೀದು. ಐತವಾರದ್ದೇ ಫಿಕೀರ್ ಇತ್ರಿ ಅಕ್ಕಾ, ನೀವು ನೋಡ್ಕೊಂಡ್ರಿ."

ಆಮೇಲೆ ದನಿ ತಗ್ಗಿಸಿದಳು.

"ಒಂದು ಮಾತ್ರಿ. ಆಕಿಗಿ ಒಳಗ ಕರಕೋಬ್ಯಾಡ್ರಿ. ಪಡಸಾಲ್ಯಾಗೇ ಹಾಕ್ರಿ, ಉಣ್ತಾಳ. ನಾಳಿಗಿ ಅಜ್ಜೇರಿಗಿ ಗೊತ್ತಾದ್ರ ಕೂಸಿನ ಮನಸ ಮುರೀತದ."

"ಏನೂ ಆಗಲ್ಲ" ಎಂದೆ. "ನಾ ಅದೀನಲ್ಲ."

ಹುಡುಗಿ ತಾಯಿಯ ಸೀರೆ ಹಿಡಿದುಕೊಂಡು ನನ್ನನ್ನು ನೋಡುತ್ತಿದ್ದಳು. ನಾ ಅದೀನಲ್ಲ ಎಂದದ್ದು ಅವಳಿಗೂ ಕೇಳಿಸಿತು.

ಮನೆಗೆ ಬಂದು ಅತ್ತೆಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಆ ಮಣೆ ಹೋಗುತ್ತದೆ, ವಿಭೂತಿ ಹೋಗುತ್ತದೆ, ಪ್ರಾಯಶಃ ಊಟವೂ ಹೋಗುತ್ತದೆ. ಸುಮ್ಮನಿದ್ದರೆ ಹುಡುಗಿ ಉಣ್ಣುತ್ತಾಳೆ. ಸುಮ್ಮನಿರುವುದೇ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ನನಗೆ ಅಂಜಿಕೆಯೂ ಇತ್ತು.

ಶ್ರಾವಣ ಬಂತು. ಶಿರೂರ ಅನಂತಪಾಳದ ಕಡೆಯ ಜಂಗಮರು, ನಮ್ಮ ಅಯ್ಯನವರು, ಪ್ರತಿ ಶ್ರಾವಣದಲ್ಲಿ ನಮ್ಮ ಮನೆಗೆ ಪ್ರಸಾದಕ್ಕೆ ಬರುತ್ತಾರೆ. ಸೋಮವಾರ ಅವರಿಗೆ ಬೇರೆ ಮನೆಗಳಿದ್ದವು. ನಮ್ಮಲ್ಲಿಗೆ ಭಾನುವಾರವೇ ಬಂದರು. ವಯಸ್ಸಾದವರು, ಮಕ್ಕಳೆಂದರೆ ಅವರಿಗೆ ಪ್ರೀತಿ. ನಾನು ಹೂರಣದ ಹೋಳಿಗೆ ಮಾಡಿದ್ದೆ. ಹುಡುಗಿ ಬರುವ ಹೊತ್ತಾಗಿತ್ತು. ಇವತ್ತು ಬೇಡ ಎಂದು ಮೆಟ್ಟಿಲಲ್ಲೇ ಹೇಳಿ ಕಳಿಸೋಣ ಎಂದು ಹೊರಗೆ ಬಂದೆ. ಅಷ್ಟರಲ್ಲಿ ಅತ್ತೆ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿಯಾಗಿತ್ತು.

ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಅಯ್ಯನವರು, ನನ್ನ ಗಂಡ, ಮಗಳು, ಅತ್ತೆ, ಅತ್ತೆಯ ಪಕ್ಕದಲ್ಲಿ ಅವಳು. ನಾನು ಬಡಿಸುತ್ತಿದ್ದೆ. ಹೋಳಿಗೆಯ ಮೇಲೆ ತುಪ್ಪ ಹಾಕಿದಾಗ ಅವಳು ನನ್ನತ್ತ ನೋಡಿ ನಕ್ಕಳು. ಮುಂದಿನ ಒಂದು ಹಲ್ಲು ಆಗಷ್ಟೇ ಬಿದ್ದಿತ್ತು.

ಉಂಡಾದ ಮೇಲೆ ಅವಳು ತಾಟಿಗೆ ನೀರು ಹಾಕಿಕೊಂಡಳು.

"ಈಗ ನೋಡ್ರಿ ಅಯ್ಯನೋರ" ಎಂದರು ಅತ್ತೆ. ಅವರ ದನಿಯಲ್ಲಿ ಅಂಥ ಹೆಮ್ಮೆ. "ಈ ವಯಸ್ಸಿಗಿ! ನಮ್ಮ ಮನ್ಯಾಗಿನ ಶಾಣ್ಯಾ ಮಂದಿ ಕಲೀಬೇಕು."

ಅಯ್ಯನವರು ಸಂತೋಷದಿಂದ ತಲೆದೂಗಿದರು. "ಭಾಳ ಛಲೋ ಆತು. ಯಾರು ಕಲಿಸಿದರವ್ವಾ ನಿನಗ? ಅಪ್ಪ ಏನ, ಅಜ್ಜ ಏನ?"

ಹುಡುಗಿ ತುಟಿ ಒರೆಸಿಕೊಂಡಳು. "ಯಾರೂ ಕಲಿಸಿಲ್ರಿ. ಸಾಲ್ಯಾಗ ನಾವೆಲ್ಲ ಹಂಗೇ ಕುಡಿತೀವ್ರಿ. ಇನ್ನಾ ಖಿಚಡಿ ಹಾಕಲ್ಲ ಅಂದಾಗ ನೀರ ಹಾಕಿ ಕುಡದ್ರ ಹೊಟ್ಟಿ ತುಂಬಿದಂಗ ಆಗ್ತದ್ರಿ."

ಅಯ್ಯನವರು ಅದೇ ಮೃದು ದನಿಯಲ್ಲಿ, ಕೆಡುಕಿನ ಯೋಚನೆಯೇ ಇಲ್ಲದೆ ಕೇಳಿದರು: "ಮನಿ ಎಲ್ಲಿ ಬರ್ತದವ್ವಾ ನಿಂದು?"

ಅವಳು ಓಣಿಯ ಹೆಸರು ಹೇಳಿದಳು. ಶಾಲೆಯಲ್ಲಿ ಮೇಷ್ಟ್ರು ಕೇಳಿದಾಗ ಹೇಳುವ ಹಾಗೆ, ನೆಟ್ಟಗೆ ಕೂತು, ಸ್ಪಷ್ಟವಾಗಿ.

ಅತ್ತೆಯ ಕೈ ಅವಳ ಬೆನ್ನ ಮೇಲಿತ್ತು. ಆ ಕೈ ಬೆನ್ನ ಮೇಲಿನಿಂದ ಜಾರಿ ತಮ್ಮ ಮಡಿಲಿಗೆ ಬಂದದ್ದನ್ನು ನಾನು ನೋಡಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆನೇನೋ. ನನ್ನ ಕಡೆ ತಿರುಗಿ ಒಂದೇ ಒಂದು ಮಾತು ಕೇಳಿದರು.

"ನಿನಗ ಗೊತ್ತಿತ್ತೇನ?"

ಹುಡುಗಿಯೂ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ನಾ ಅದೀನಲ್ಲ ಎಂದದ್ದು ಅವಳಿಗೆ ನೆನಪಿತ್ತು.

"ಇಲ್ರಿ" ಎಂದೆ.

ತುಪ್ಪದ ಬಟ್ಟಲು ನನ್ನ ಕೈಯಲ್ಲೇ ಇತ್ತು.

ಅವಳು ಎದ್ದಳು. ತನ್ನ ತಾಟು ತಾನೇ ಎತ್ತಿಕೊಂಡು ಹಿತ್ತಲಿಗೆ ಹೋದಳು. ನಲ್ಲಿಯ ಕೆಳಗೆ ಬೂದಿ ಹಚ್ಚಿ ತಿಕ್ಕಿ ತೊಳೆದಳು. ತೊಳೆದು ಒಳಗೆ ತರಲಿಲ್ಲ. ಗೋಡೆಯ ಮೇಲೆ ಆ ಎರಡು ಗಾಜಿನ ಲೋಟಗಳ ಪಕ್ಕ ಬೋರಲು ಹಾಕಿದಳು. ಅಲ್ಲಿ ಇಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಹಿತ್ತಲ ಬಾಗಿಲಿನಿಂದಲೇ ಹೋದಳು. ಹಣೆಯ ಮೇಲೆ ವಿಭೂತಿ ಹಾಗೇ ಇತ್ತು.

ಅಯ್ಯನವರು ಹೋಗುವಾಗ ಅತ್ತೆಗೆ, "ಕೂಸು ಹಸ್ದದ ತಾಯಿ, ಅಷ್ಟೇ" ಎಂದರು.

ಮುಂದಿನ ಭಾನುವಾರ ನಾನು ರೊಟ್ಟಿ ಬಡಿಯುವಾಗ ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಹಿಟ್ಟು ಎತ್ತಿಡಲು ಹೋದೆ.

"ಇನ್ನೆರಡು ಬಡಿ" ಎಂದರು. ಹೊರಳಿ ಹೋಗುತ್ತ, "ಪಡಸಾಲ್ಯಾಗ ಹಾಕಿದ್ರಾತು."

ಹನ್ನೊಂದಾಯಿತು, ಹನ್ನೆರಡಾಯಿತು. ಮೆಟ್ಟಿಲ ಮೇಲೆ ಯಾರೂ ಬರಲಿಲ್ಲ. ಅತ್ತೆ ಎರಡು ಸಲ ಹೊರಗೆ ಹೋಗಿ ಬಂದರು, ತುಳಸಿಗೆ ನೀರು ಹಾಕುವ ನೆಪದಿಂದ. ಮುಂಜಾನೆಯೇ ಹಾಕಿದ್ದರು.

ನಾನು ರೊಟ್ಟಿ, ಬೇಳೆ ಡಬ್ಬಿಗೆ ತುಂಬಿಕೊಂಡು, ಮಗಳ ಮೂರು ಖಾನೆಯ ಡಬ್ಬಿಗೇ ತುಂಬಿಕೊಂಡು, ಆ ಓಣಿಗೆ ಹೋದೆ. ತಾಯಿ ಗಿರಣಿಗೆ ಹೋಗಿದ್ದಳು. ಹುಡುಗಿ ಹೊಸ್ತಿಲ ಮೇಲೆ ಕೂತು ಒಬ್ಬಳೇ ಗಜ್ಜುಗ ಆಡುತ್ತಿದ್ದಳು. ಹಿಂದೆ ಒಲೆ ಕಾಣುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ.

"ಊಟ ಆತೇನವ್ವಾ?" ಎಂದೆ.

ಅವಳು ನನ್ನನ್ನು ನೋಡಿದಳು. ಡಬ್ಬಿಯನ್ನೂ ನೋಡಿದಳು. ಎದ್ದು ನಿಂತು, ದೊಡ್ಡವರು ಹೇಳುವ ಹಾಗೆ ಹೇಳಿದಳು.

"ಆತ್ರಿ ಕಾಕು."

"ಅಜ್ಜಿ ಕಳಸ್ಯಾರ. ತಗೋ."

"ಹೊಟ್ಟಿ ತುಂಬ್ಯಾದ್ರಿ."

ಡಬ್ಬಿ ಹೊಸ್ತಿಲ ಮೇಲೆ ಇಟ್ಟು ಬರಬಹುದಿತ್ತು. ಇಟ್ಟೆ. ನಾಲ್ಕು ಹೆಜ್ಜೆ ಬರುವುದರೊಳಗೆ ಹಿಂದಿನಿಂದ ಓಡಿ ಬಂದು, ಸ್ಕೂಟಿಯ ಮುಂದಿನ ಜಾಗದಲ್ಲಿ ಡಬ್ಬಿಯನ್ನು ಜೋಪಾನವಾಗಿ ಇಟ್ಟು ಹೋದಳು.

ಮನೆಗೆ ಬಂದಾಗ ಅತ್ತೆ ಇನ್ನೂ ಉಂಡಿರಲಿಲ್ಲ. ಡಬ್ಬಿ ಭಾರ ಇದ್ದದ್ದು ನನ್ನ ಕೈ ನೋಡಿಯೇ ತಿಳಿದರು. ಅದನ್ನು ತೆಗೆದುಕೊಂಡು, ಆ ರೊಟ್ಟಿಯನ್ನೇ ತಮ್ಮ ತಾಟಿಗೆ ಹಾಕಿಕೊಂಡು ಉಂಡರು. ನಾನು ಎದುರಿಗೆ ಕೂತಿದ್ದೆ. ಉಂಡಾದ ಮೇಲೆ ಯಾವತ್ತಿನ ಹಾಗೆ ನೀರು ಹಾಕಿಕೊಂಡರು, ಬೆರಳಿನಿಂದ ತೊಳೆದರು, ತಾಟು ಎತ್ತಿದರು. ಎತ್ತಿದ ತಾಟು ಹಾಗೇ ಕೈಯಲ್ಲಿ ನಿಂತಿತು. ಬೇಳೆಯ ಹಳದಿ ಬಣ್ಣದ ನೀರು, ಎರಡು ಗುಟುಕು ಇದ್ದಿರಬಹುದು.

"ಇಷ್ಟಕ್ಕ" ಎಂದರು ಅತ್ತೆ, ಅದನ್ನೇ ನೋಡುತ್ತ, "ಇಷ್ಟಕ್ಕ ಹ್ಯಾಂಗ ತುಂಬ್ತದ ಹೊಟ್ಟಿ?"