ಹಿಟ್ಟಿನ ಡಬ್ಬಿಯಾದ ಅಪ್ಪ

ಮೊನ್ನೆ ಸೊಸೆ ಗ್ಯಾಸಿನ ಮೇಲೆ ಮೈದಾಹಿಟ್ಟಿನ ಅಂಟು ಕಾಯಿಸುತ್ತಿದ್ದಳು. ಮೊಮ್ಮಗಳ ಶಾಲೆಯದೇನೋ ಪ್ರಾಜೆಕ್ಟಂತೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಡೊಂಬಿವಲಿಯ ಫ್ಲ್ಯಾಟಿನಿಂದೆದ್ದು ಪರೇಲಿನ ನಮ್ಮ ಚಾಳಿನ ಒಂದೇ ಕೋಣೆಯ ಖೋಲಿಗೆ ಹೋಗಿ ಕುಳಿತೆ. ನೀವೂ ಬನ್ನಿ. ಖೋಲಿ ಚಿಕ್ಕದು, ಸ್ವಲ್ಪ ಸರಿದು ಕೂತರಾಯಿತು.

ಆಗ ನನಗೆ ಐದು ವರ್ಷ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ಬಟ್ಟೆ ಗಿರಣಿಯಲ್ಲಿದ್ದ. ಅವ್ವ ಊರ ಕಡೆಯ ಗಿರಣಿ ಕೆಲಸಗಾರರಿಗೆ ರೊಟ್ಟಿ ಬಡಿದು ಊಟಕ್ಕೆ ಹಾಕುತ್ತಿದ್ದಳು. ಅವ್ವನ ತಾಯಿ, ಅಂದರೆ ನಮ್ಮಜ್ಜಿ, ಮಗಳ ಬಾಣಂತನಕ್ಕೆಂದು ವಿಜಾಪುರದಿಂದ ಬಂದವಳು, ಹುಟ್ಟಿದ ನಾನು ಅಕ್ಷರ ಕಲಿಯುವಷ್ಟು ದೊಡ್ಡವಳಾದರೂ ವಾಪಸು ಹೋಗಿರಲಿಲ್ಲ.

ಪಕ್ಕದ ಚಾಳಿನಲ್ಲಿ ಒಬ್ಬ ಅಕ್ಕೋರು ಶನಿವಾರಕ್ಕೊಮ್ಮೆ ಚಿಕ್ಕ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಅವರದೊಂದು ಷರತ್ತು: ಮಗುವಿನ ಜೊತೆ ಮನೆಯ ದೊಡ್ಡವರೊಬ್ಬರು ಬಂದು ಕೂತು ಕಲಿಯಬೇಕು. ಅವ್ವನಿಗೆ ಪುರುಸೊತ್ತಿಲ್ಲ. ಅಪ್ಪನನ್ನು ಕರೆಯುವಂತಿಲ್ಲ, ಏಕೆಂದರೆ ಅಪ್ಪ ಓದಿದವನು. ನಾಲ್ಕನೇತ್ತ, ಅಂದರೆ ನಾಲ್ಕನೇ ತರಗತಿ, ಪಾಸು ಎಂದು ಕೇಳಿಯೇ ಅಜ್ಜಿ ಅವನಿಗೆ ಮಗಳನ್ನು ಕೊಟ್ಟದ್ದು. ರವಿವಾರ ಅವನು ಹುಬ್ಬು ಗಂಟಿಕ್ಕಿ ಪೇಪರು ಹಿಡಿದು ಕೂತರೆ ಅಜ್ಜಿ ನಮ್ಮನ್ನು ಕೆಮ್ಮಲೂ ಬಿಡುತ್ತಿರಲಿಲ್ಲ.

ಹಾಗಾಗಿ ಅಜ್ಜಿಯೇ ನನ್ನ ಸಹಪಾಠಿಯಾದಳು. ಬಳಪವನ್ನು ಅರ್ಧ ಬರೆದು ಅರ್ಧ ತಿನ್ನುತ್ತಿದ್ದಳು. ನನ್ನ ಪಾಟಿ ನೋಡಿ ಅವಳು, ಅವಳ ಪಾಟಿ ನೋಡಿ ನಾನು ಬರೆದದ್ದರಿಂದ ಇಬ್ಬರ ತಪ್ಪುಗಳೂ ಒಂದೇ ಮುಖದವಾಗಿದ್ದವು.

ಒಂದು ಶನಿವಾರ ಅಕ್ಕೋರು ಮನೆಯ ಸಾಮಾನುಗಳ ಹೆಸರು ಬರೆದ ಚೀಟಿಗಳನ್ನು ಕೊಟ್ಟು, ಆಯಾ ಸಾಮಾನಿಗೆ ಅಂಟಿಸಿ ವಾರವಿಡೀ ನೋಡಬೇಕೆಂದರು. ಬಾಗಿಲು, ಕೊಡ, ಚಾಪೆ, ಅಂಗಿ, ಹಿಟ್ಟಿನ ಡಬ್ಬಿ. ಅಜ್ಜಿ ಗೋಧಿಹಿಟ್ಟಿನ ಅಂಟು ಕುದಿಸಿದಳು. ಅಂಗಿಯ ಚೀಟಿ ಯಾವುದೆಂದು ನನ್ನನ್ನು ಕೇಳಿದಳು. ನನಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲವೆನ್ನಲು ಐದು ವರ್ಷದ ಮರ್ಯಾದೆ ಅಡ್ಡ ಬಂತು. ಕೈಗೆ ಸಿಕ್ಕ ಚೀಟಿ ಕೊಟ್ಟೆ. ಗೂಟಕ್ಕೆ ತೂಗಿದ್ದ ಅಪ್ಪನ ಅಂಗಿಯ ಎದೆಗೆ ಅವಳು ಅದನ್ನು ಬಡಿದು ಕೂರಿಸಿದಳು.

ಸೋಮವಾರ ಅಪ್ಪ ಅಂಗಿ ತೊಟ್ಟು, ಚೀಟಿಯನ್ನು ತಲೆ ಓರೆ ಮಾಡಿ ನೋಡಿದ. ವಾರದ ತನಕ ಕೀಳಬಾರದು, ಅಕ್ಕೋರ ಅಪ್ಪಣೆ ಎಂದಳು ಅಜ್ಜಿ. ಅಕ್ಷರ ಮುದ್ದಾಗಿವೆ ಎಂದು ಹೊಗಳಿ, ಅಪ್ಪ ಎದೆಯುಬ್ಬಿಸಿಕೊಂಡು ಗಿರಣಿಗೆ ಹೊರಟ. ಎದೆಗಿಂತ ಅರ್ಧ ಗೇಣು ಮುಂದೆ ಅವನ ಹೊಟ್ಟೆ ಹೋಗುತ್ತಿತ್ತು.

ಗಿರಣಿಯಲ್ಲಿ ಊರ ಕಡೆಯವರು ಕಡಿಮೆಯೇ? ಮಧ್ಯಾಹ್ನದ ಊಟದ ಹೊತ್ತಿಗೆ ಎದೆಯ ಚೀಟಿ ಓದಿ, ಈ ಡಬ್ಬಿಯಲ್ಲಿ ಹಿಟ್ಟು ಜೋಳದ್ದೋ ಗೋಧಿಯದೋ ಎಂದು ವಿಚಾರಿಸದವರಿಲ್ಲ. ಮರಾಠಿಯವರಿಗೂ ಯಾರೋ ತರ್ಜುಮೆ ಮಾಡಿ ಕೊಟ್ಟಿದ್ದರಂತೆ.

ಸಂಜೆ ಅಪ್ಪ ಬಂದು, ಅಂಗಿ ಕಳಚಿ ಗೂಟಕ್ಕೆ ಹಾಕಿ ಗೋಡೆಯ ಕಡೆ ಮುಖ ಮಾಡಿ ಕೂತ. ನಾನು ಅಜ್ಜಿಯ ಬೆನ್ನ ಹಿಂದೆ ಸೇರಿದೆ. ನಡೆದದ್ದನ್ನೆಲ್ಲ ಕೇಳಿದ ಅಜ್ಜಿಗೆ ಒಂದೇ ಒಂದು ಸಂಗತಿ ಬಗೆಹರಿಯಲಿಲ್ಲ.

"ಮುಂಜಾನೆ ನೋಡಿದ್ರಲ್ಲ, ಓದಲಿಲ್ಲೇನ್ರಿ?"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವನಿಗೆ ಎಂದೋ ಗೊತ್ತಿತ್ತೆಂದು ಈಗ ಅನಿಸುತ್ತದೆ.

"ಓದಾಕ ಬರತಿದ್ರ ಓದತಿದ್ನಿರಿ, ಅತ್ತಿ," ಎಂದ ಅಪ್ಪ.

"ಮತ್ತ ನಾಲ್ಕನೇತ್ತ ಪಾಸು ಅಂದಿದ್ದು?"

"ನಾ ಅಂದಿಲ್ಲರಿ. ನಮ್ಮ ಕಾಕಾ ಅಂದಿದ್ದು."

ಅಜ್ಜಿ ಮಗಳನ್ನು ಕರೆದುಕೊಂಡು ಊರಿಗೆ ಹೋಗಿಬಿಡುತ್ತಾಳೆಂದು ನನಗೆ ಅಳು ಬಂತು. ಆದರೆ ಅವಳೆಂದದ್ದಿಷ್ಟು: "ಶನಿವಾರ ಬರ್ರಿ. ನನ್ನ ಮಗ್ಗಲದಾಗ ಕುಂಡ್ರರಿ."

ಅಪ್ಪ ಬಂದ. ಅಜ್ಜಿ ಅವನಿಗಿಂತ ಎರಡು ತಿಂಗಳು ಹಿರಿಯ ವಿದ್ಯಾರ್ಥಿನಿ. ಅಳಿಯ ನಕಲು ಹೊಡೆಯದಂತೆ ಪಾಟಿಗೆ ಸೆರಗು ಮುಚ್ಚಿಕೊಂಡು ಬರೆದಳು. ಆದರೂ ವರ್ಷ ತುಂಬುವುದರೊಳಗೆ ಅಪ್ಪ ಪೇಪರನ್ನು ಗಟ್ಟಿಯಾಗಿ, ಎತ್ತಿನ ಗಾಡಿಯ ವೇಗದಲ್ಲಿ ಓದತೊಡಗಿದ. ಪಾಪ, ಆಗ ಕೆಮ್ಮಿದ್ದು ಅಜ್ಜಿಯೇ. ಬೇಗ ಮುಗಿಸಲಿ ಎಂದು.

ಇಷ್ಟು ನೆನೆಯುತ್ತಿರುವಾಗ ಮೊಮ್ಮಗಳು ಇಂಗ್ಲಿಷ್ ಪುಸ್ತಕ ತಂದು ತೊಡೆಯ ಮೇಲಿಟ್ಟು, ಒಂದು ಉದ್ದನೆಯ ಶಬ್ದ ತೋರಿಸಿ ಅರ್ಥ ಕೇಳಿದಳು. ಇಂಥ ಹೊತ್ತಿಗೆ ಕನ್ನಡಕ ಹುಡುಕಲು ಏಳುವುದು ನನ್ನ ಹಳೆಯ ಉಪಾಯ. ಮೊನ್ನೆ ಏಳಲಿಲ್ಲ. ಗೊತ್ತಿಲ್ಲ ಎಂದುಬಿಟ್ಟೆ.

ಅವಳು ಕಣ್ಣರಳಿಸಿ ಅಡುಗೆಮನೆಗೆ ಓಡಿದಳು. "ಮಮ್ಮೀ, ಅಜ್ಜಿಗೆ ಕುಛ್ ಭೀ ಬರಲ್ಲ."

ಸೊಸೆ ನಕ್ಕಳು. ಅವಳಿಗಿಂತ ಜೋರಾಗಿ ನಾನು ನಕ್ಕೆ.